ತೆರಿಗೆ ಏರಿಸೋದಾ, ಸೇವೆ ಇಳಿಸೋದಾ? ಊರಿನ ಬಜೆಟ್ ಮುಂದಿರುವ ದಾರಿಗಳ ಹೋಲಿಕೆ

ಆಸ್ತಿ ತೆರಿಗೆ ಬಿಲ್ ಕೈಗೆ ಬಂದ ದಿನ ಎಲ್ಲರೂ ಮಾಡುವುದು ಒಂದೇ ಕೆಲಸ. ಕೊನೆಯ ಸಾಲಿನ ಮೊತ್ತ ನೋಡುವುದು, ಹೋದ ವರ್ಷದ ರಸೀದಿ ಹುಡುಕಿ ಪಕ್ಕದಲ್ಲಿಟ್ಟು ತಾಳೆ ಹಾಕುವುದು, ಆಮೇಲೆ ಬೀದಿಯ ಕಡೆ ನೋಡಿ "ಇಷ್ಟು ಕಟ್ಟಿದ್ದಕ್ಕೆ ಆ ಗುಂಡಿಯನ್ನಾದರೂ ಮುಚ್ಚಬಾರದಾ" ಎಂದು ಗೊಣಗುವುದು. ಗೊಣಗಾಟದಲ್ಲಿ ನ್ಯಾಯವಿದೆ. ಆದರೆ ಊರಿನ ಬಜೆಟ್ ಮೇಲೆ ಜನರ ಅಭಿಪ್ರಾಯ ಕೇಳಿದಾಗ ಬರೀ ಗೊಣಗಿದರೆ ಆಗುವುದಿಲ್ಲ. "ತೆರಿಗೆ ಏರಿಸಬೇಡಿ, ಸೇವೆಯನ್ನೂ ಕಡಿಮೆ ಮಾಡಬೇಡಿ" ಅನ್ನುವ ಉತ್ತರವನ್ನು ಅಧಿಕಾರಿಗಳು ಪಟ್ಟಿಗೆ ಬರೆದುಕೊಂಡು ಪಕ್ಕಕ್ಕಿಡುತ್ತಾರೆ, ಅಷ್ಟೇ.

ಪ್ರತಿ ಊರಿನ ಮುಂದೆಯೂ ಹೆಚ್ಚುಕಡಿಮೆ ಅದೇ ಆರೇಳು ದಾರಿಗಳಿರುತ್ತವೆ. ತೆರಿಗೆ ದರ ಏರಿಸಬಹುದು, ಆಸ್ತಿಯ ಮೌಲ್ಯಮಾಪನ ಸರಿಪಡಿಸಬಹುದು, ಬಳಸಿದವರಿಂದ ಶುಲ್ಕ ವಸೂಲಿ ಮಾಡಬಹುದು, ಸೇವೆ ಕಡಿತ ಮಾಡಬಹುದು, ರಿಪೇರಿ ಮುಂದೂಡಬಹುದು, ಗುತ್ತಿಗೆಗೆ ಕೊಡಬಹುದು, ಸಾಲ ಮಾಡಬಹುದು. ಇವುಗಳನ್ನು ತೂಗಲು ನಾನು ಕೇಳುವುದು ಎರಡೇ ಪ್ರಶ್ನೆ. ಬಿಲ್ ಯಾರ ಕೈಗೆ ಹೋಗುತ್ತದೆ? ಯಾವಾಗ ಹೋಗುತ್ತದೆ?

ಖರ್ಚು ಏರುವುದು ಯಾಕೆ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಊರಿಗೆ ಬುದ್ಧಿ ಹೇಳುವುದು ಸುಲಭ. ತೊಂದರೆ ಏನೆಂದರೆ ಊರಿನ ಕಾಲು ಪ್ರತಿ ವರ್ಷ ಉದ್ದ ಆಗುತ್ತಲೇ ಇರುತ್ತದೆ. ಡಾಂಬರು, ಡೀಸೆಲ್, ಪೈಪುಗಳ ಬೆಲೆ ಏರುವುದು ಕಣ್ಣಿಗೆ ಕಾಣುತ್ತದೆ. ಅಷ್ಟು ಕಾಣದ ಇನ್ನೊಂದು ಕಾರಣವನ್ನು ವಿಲಿಯಂ ಬೌಮಲ್ ಮತ್ತು ವಿಲಿಯಂ ಬೋವೆನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ತೋರಿಸಿಕೊಟ್ಟರು. ನಾಲ್ಕು ಜನ ಕೂತು ನುಡಿಸುವ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಈಗಲೂ ಅಷ್ಟೇ ಬೇಕು. ಕಾರ್ಖಾನೆಯಲ್ಲಿ ಯಂತ್ರ ಬಂದು ಒಬ್ಬನ ಕೈಯಿಂದ ಹತ್ತು ಪಟ್ಟು ಮಾಲು ಹೊರಬಂದರೆ ಅಲ್ಲಿ ಸಂಬಳ ಏರುತ್ತದೆ. ಆಗ ಸಂಗೀತಗಾರನ ಸಂಬಳವನ್ನೂ ಏರಿಸಬೇಕು, ಇಲ್ಲದಿದ್ದರೆ ಅವನು ಕಾರ್ಖಾನೆಗೆ ಹೋಗುತ್ತಾನೆ.

ಊರಿನ ಸೇವೆಗಳೆಲ್ಲ ಬಹುಪಾಲು ಈ ಜಾತಿಯವು. ಅಗ್ನಿಶಾಮಕ ಸಿಬ್ಬಂದಿ, ಗ್ರಂಥಪಾಲಕರು, ಚರಂಡಿ ಸ್ವಚ್ಛ ಮಾಡುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು. ಹಾಗಾಗಿ ಒಂದು ಪೈಸೆ ಪೋಲಾಗದ ಊರಿನಲ್ಲೂ ಖರ್ಚು ಸಾಮಾನ್ಯ ಬೆಲೆ ಏರಿಕೆಗಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ. ಪೋಲು, ಕಮಿಷನ್, ಕಳ್ಳತನ ಎಲ್ಲ ಇದರ ಮೇಲಿನ ಹೊರೆ. ಅದನ್ನು ತಡೆಯಲೇಬೇಕು. ತಡೆದ ಮೇಲೂ ಮುಂದಿನ ವರ್ಷದ ಲೆಕ್ಕ ಏರುಮುಖವಾಗಿಯೇ ಇರುತ್ತದೆ ಅನ್ನುವುದು ನೆನಪಿರಲಿ.

ದರ ಏರಿಸುವುದೋ, ಮೌಲ್ಯಮಾಪನ ಸರಿಪಡಿಸುವುದೋ

ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನೂರು ಮನೆಗಳ ಒಂದು ಊರು ಇದೆ ಅಂದುಕೊಳ್ಳಿ. ಪ್ರತಿ ಮನೆಯ ಬೆಲೆ 1,000. ಊರಿನ ಒಟ್ಟು ಮೌಲ್ಯ 1,00,000 ಆಯಿತು. ವರ್ಷದ ಖರ್ಚಿಗೆ ತೆರಿಗೆಯಿಂದ ಬರಬೇಕಾದ್ದು 1,000. ಹಾಗಾದರೆ ದರ ಶೇ. 1, ಪ್ರತಿ ಮನೆಗೆ ಬೀಳುವುದು 10. ಮುಂದಿನ ವರ್ಷ ಎಲ್ಲ ಮನೆಗಳ ಬೆಲೆಯೂ ಎರಡು ಪಟ್ಟಾಯಿತು, ಖರ್ಚು ಅಷ್ಟೇ ಉಳಿಯಿತು. ಆಗ ದರ ಶೇ. 0.5ಕ್ಕೆ ಇಳಿಯಬೇಕು. ನಿಮ್ಮ ಬಿಲ್ ಮತ್ತೆ 10. ಅಂದರೆ ಮನೆಯ ಬೆಲೆ ಏರಿದ ಮಾತ್ರಕ್ಕೆ ತೆರಿಗೆ ಏರಬೇಕಿಲ್ಲ. ನಿಮ್ಮ ಮನೆಯ ಬೆಲೆ ಊರಿನ ಸರಾಸರಿಗಿಂತ ಜಾಸ್ತಿ ಏರಿದ್ದರೆ ಮಾತ್ರ ನಿಮ್ಮ ಪಾಲು ಹೆಚ್ಚುತ್ತದೆ.

ಖರ್ಚನ್ನು ಮೊದಲು ತೀರ್ಮಾನಿಸಿ ಆಮೇಲೆ ದರ ಲೆಕ್ಕ ಹಾಕುವ ಕಡೆ ಹೀಗೆ ನಡೆಯುತ್ತದೆ. ದರವನ್ನು ಕದಲಿಸದೆ ಮೌಲ್ಯ ಮಾತ್ರ ಏರಿಸುವ ಕಡೆ "ನಾವು ತೆರಿಗೆ ಏರಿಸಿಯೇ ಇಲ್ಲ" ಎಂದು ಹೇಳುತ್ತಲೇ ಎರಡು ಪಟ್ಟು ವಸೂಲಿ ಮಾಡಬಹುದು. ನಿಮ್ಮಲ್ಲಿ ಯಾವ ಪದ್ಧತಿ ಇದೆ ಅನ್ನುವುದು ಮೊದಲು ಗೊತ್ತಿರಬೇಕು. ಯಾಕೆಂದರೆ ಮೊದಲನೆಯದರಲ್ಲಿ ಮರುಮೌಲ್ಯಮಾಪನ ಅಂದರೆ ಹೊರೆಯನ್ನು ಸರಿಯಾಗಿ ಹಂಚುವುದು, ಎರಡನೆಯದರಲ್ಲಿ ಸದ್ದಿಲ್ಲದ ಏರಿಕೆ.

ಮರುಮೌಲ್ಯಮಾಪನ ಅಂದರೆ ಯಾವ ರಾಜಕಾರಣಿಗೂ ಇಷ್ಟವಿಲ್ಲ. ಪಾಲು ಹೆಚ್ಚಾದವರು ಬಾಗಿಲಿಗೆ ಬರುತ್ತಾರೆ, ಕಡಿಮೆಯಾದವರು ಥ್ಯಾಂಕ್ಸ್ ಹೇಳಲೂ ಬರುವುದಿಲ್ಲ. ಇಂಗ್ಲೆಂಡ್‌ನಲ್ಲಿ 1993ರಲ್ಲಿ ಕೌನ್ಸಿಲ್ ಟ್ಯಾಕ್ಸ್ ಅನ್ನುವ ಊರಾಡಳಿತದ ಮನೆ ತೆರಿಗೆ ಶುರುವಾದಾಗ ಏಪ್ರಿಲ್ 1991ರ ಬೆಲೆಯ ಮೇಲೆ ಮನೆಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಿದರು. ಅಲ್ಲಿ ಇವತ್ತಿಗೂ ಅದೇ ಬೆಲೆ ನಡೆಯುತ್ತಿದೆ. 2020ರಲ್ಲಿ ಕಟ್ಟಿದ ಮನೆಯಾದರೂ 1991ರಲ್ಲಿ ಅದು ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂದು ಅಂದಾಜು ಮಾಡಬೇಕು. ಮೂವತ್ತು ವರ್ಷದಲ್ಲಿ ಒಂದು ಕಡೆ ಬೆಲೆ ಗಗನಕ್ಕೇರಿದೆ, ಇನ್ನೊಂದು ಕಡೆ ತೆವಳಿದೆ. ಪಟ್ಟಿಗೆ ಅದರ ಸುಳಿವೇ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದ ಕಥೆ ಇನ್ನೊಂದು ರೀತಿಯದು. 1978ರಲ್ಲಿ ಅಲ್ಲಿಯ ಜನ ಮತ ಹಾಕಿ ಪ್ರೊಪೊಸಿಷನ್ 13 ಅನ್ನುವ ನಿಯಮ ತಂದರು. ತೆರಿಗೆ ದರ ಶೇ. 1 ಮೀರುವಂತಿಲ್ಲ, ಮೌಲ್ಯವನ್ನು ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಸುವಂತಿಲ್ಲ, ಮನೆ ಮಾರಾಟವಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಮಾರುಕಟ್ಟೆ ಬೆಲೆಗೆ ತರಬಹುದು. ನಿವೃತ್ತರಿಗೆ ನಿಜವಾಗಿಯೂ ಉಸಿರಾಡುವಂತಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಸ್ತಿ ತೆರಿಗೆಯ ವರಮಾನ ಒಂದೇ ಏಟಿಗೆ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಊರುಗಳು ಶುಲ್ಕ, ವಿಶೇಷ ತೆರಿಗೆ, ರಾಜ್ಯದ ಅನುದಾನ ಎಂದು ಬೇರೆ ದಾರಿ ಹಿಡಿದವು. ಅಕ್ಕಪಕ್ಕದ ಎರಡು ಮನೆ, ಒಂದೇ ಅಳತೆ, ಒಂದೇ ಬೀದಿದೀಪ. ನಲವತ್ತು ವರ್ಷದ ಹಿಂದೆ ಕೊಂಡವರು ಕಟ್ಟುವುದರ ಹತ್ತು ಪಟ್ಟನ್ನು ಹೋದ ವರ್ಷ ಕೊಂಡವರು ಕಟ್ಟುವುದೂ ಉಂಟು. ಇದು ಅನ್ಯಾಯ ಎಂದು ಕೋರ್ಟಿಗೆ ಹೋದರು. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಪದ್ಧತಿಯನ್ನು ಎತ್ತಿಹಿಡಿಯಿತು.

ಬೆಲೆ ಇಳಿದಾಗ ಪಟ್ಟಿ ತಿದ್ದದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಡೆಟ್ರಾಯಿಟ್ ನಗರ ನೋಡಬೇಕು. 2008ರ ಕುಸಿತದ ನಂತರ ಅಲ್ಲಿ ಮನೆಗಳ ಬೆಲೆ ನೆಲ ಕಚ್ಚಿತು, ಕಾಗದದ ಮೇಲಿನ ಮೌಲ್ಯ ಮಾತ್ರ ಹಾಗೇ ಉಳಿಯಿತು. 2010ರಿಂದ 2016ರ ನಡುವೆ ಮನೆ ಮಾಲೀಕರಿಂದ ಸುಮಾರು 60 ಕೋಟಿ ಡಾಲರ್ ಜಾಸ್ತಿ ವಸೂಲಿಯಾಗಿದೆ ಎಂದು ಅಲ್ಲಿಯ ಪತ್ರಿಕೆಯೊಂದು ಲೆಕ್ಕ ಹಾಕಿತು. ಕಟ್ಟಲಾಗದೆ ಮನೆಯನ್ನೇ ಕಳೆದುಕೊಂಡವರು ಬಹಳ. ಇಷ್ಟಾದರೂ ಊರು ಉಳಿಯಲಿಲ್ಲ. 2013ರಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲದೊಂದಿಗೆ ಅದು ದಿವಾಳಿ ಅರ್ಜಿ ಹಾಕಿದಾಗ ಹತ್ತರಲ್ಲಿ ನಾಲ್ಕು ಬೀದಿದೀಪ ಉರಿಯುತ್ತಿರಲಿಲ್ಲ.

ಹಾಗಾದರೆ ದರ ಏರಿಸುವ ಪ್ರಸ್ತಾಪಕ್ಕೆ ಕೈ ಎತ್ತಬಹುದಾ? ಪಟ್ಟಿ ಮೂರ್ನಾಲ್ಕು ವರ್ಷಕ್ಕಿಂತ ಹಳೆಯದಲ್ಲದಿದ್ದರೆ, ಏರಿಕೆ ಚಿಕ್ಕದಾಗಿದ್ದು ಪ್ರತಿ ವರ್ಷದ್ದಾಗಿದ್ದರೆ, ನಾನು ಎತ್ತುತ್ತೇನೆ. ಹತ್ತು ವರ್ಷ ಏರಿಸದೆ ಚಪ್ಪಾಳೆ ಗಿಟ್ಟಿಸಿ ಹನ್ನೊಂದನೇ ವರ್ಷ ಒಟ್ಟಿಗೆ ಬೀಸಿದರೆ ಏಟು ತಡೆಯುವುದು ಕಷ್ಟ. ಇಂಗ್ಲೆಂಡ್‌ನ ಬರ್ಮಿಂಗ್‌ಹ್ಯಾಮ್ ನಗರದ ಕೌನ್ಸಿಲ್ 2023ರ ಸೆಪ್ಟೆಂಬರ್‌ನಲ್ಲಿ ಬಜೆಟ್ ಸರಿದೂಗಿಸಲು ಆಗುವುದಿಲ್ಲ ಎಂದು ನೋಟಿಸ್ ಹೊರಡಿಸಿತು. ಸಮಾನ ವೇತನದ ಹಳೇ ಬಾಕಿ ಅದಕ್ಕೆ ಒಂದು ದೊಡ್ಡ ಕಾರಣ. ಮರುವರ್ಷ ತೆರಿಗೆ ಸುಮಾರು ಶೇ. 10, ಅದರ ಮರುವರ್ಷ ಸುಮಾರು ಶೇ. 7.5 ಏರಿತು. ಜೊತೆಗೆ ಸೇವೆಗಳಿಗೂ ಕತ್ತರಿ ಬಿತ್ತು. ಎರಡೂ ಕಡೆಯಿಂದ ಪೆಟ್ಟು.

ಬಳಸಿದವರೇ ಕೊಡಲಿ ಅನ್ನುವ ಶುಲ್ಕ

ಕೇಳಲು ನ್ಯಾಯವಾಗಿದೆ. ಕೆಲವು ಕಡೆ ನಿಜವಾಗಿಯೂ ನ್ಯಾಯವೇ. ದಕ್ಷಿಣ ಕೊರಿಯಾದಲ್ಲಿ 1995ರಿಂದ ಮನೆಯ ಕಸವನ್ನು ದುಡ್ಡು ಕೊಟ್ಟು ಕೊಂಡ ಚೀಲದಲ್ಲೇ ಹಾಕಬೇಕು. ಮರುಬಳಕೆಯ ವಸ್ತುಗಳನ್ನು ಬೇರೆ ಮಾಡಿ ಕೊಟ್ಟರೆ ಅದಕ್ಕೆ ಚೀಲದ ಖರ್ಚಿಲ್ಲ. ಕಸ ಕಡಿಮೆ ಮಾಡಿದವರಿಗೆ ಖರ್ಚು ಕಡಿಮೆ. ಎಲ್ಲರ ಕೈಗೂ ಎಟುಕುವ ಉಳಿತಾಯ ಇದು. ಆಸ್ತಿ ತೆರಿಗೆಯಿಂದ ಕಸದ ಖರ್ಚು ಭರಿಸಿದರೆ ಈ ಅನುಕೂಲ ಇರುವುದಿಲ್ಲ. ಒಂದು ಚೀಲ ಇಡುವವರೂ ಹತ್ತು ಚೀಲ ಇಡುವವರೂ ಒಂದೇ.

ಆದರೆ ಬೆಂಕಿ ಆರಿಸುವುದಕ್ಕೆ ಚಂದಾ ಇಟ್ಟರೆ? ಅಮೆರಿಕದ ಟೆನೆಸಿಯ ಸೌತ್ ಫುಲ್ಟನ್ ಅನ್ನುವ ಸಣ್ಣ ಊರು, ಗಡಿಯಾಚೆಯ ಹಳ್ಳಿಗರಿಗೆ ವರ್ಷಕ್ಕೆ 75 ಡಾಲರ್ ಕಟ್ಟಿದರೆ ಮಾತ್ರ ಅಗ್ನಿಶಾಮಕ ಸೇವೆ ಕೊಡುತ್ತಿತ್ತು. 2010ರಲ್ಲಿ ದುಡ್ಡು ಕಟ್ಟದ ಒಂದು ಮನೆಗೆ ಬೆಂಕಿ ಬಿತ್ತು. ವಾಹನ ಬಂತು. ಆದರೆ ನೀರು ಬಿಟ್ಟದ್ದು ಚಂದಾ ಕಟ್ಟಿದ್ದ ಪಕ್ಕದವರ ಜಾಗ ಉಳಿಸುವುದಕ್ಕೆ ಮಾತ್ರ. ಮನೆ ಉರಿದುಹೋಗುವುದನ್ನು ಸಿಬ್ಬಂದಿ ನಿಂತು ನೋಡಿದರು. ನಿಯಮದ ಪ್ರಕಾರ ಅವರದು ತಪ್ಪಿರಲಿಲ್ಲ, ಅದೇ ಆ ನಿಯಮದ ಹಣೆಬರಹ.

ಹಾಗಾಗಿ ಶುಲ್ಕದ ಮಾತು ಬಂದಾಗ ಮೂರು ವಿಷಯ ನೋಡುತ್ತೇನೆ. ಬಳಕೆಯನ್ನು ಅಳೆಯಲು ಆಗುತ್ತದಾ? ಬಳಸುವವರು ಮನಸ್ಸು ಮಾಡಿದರೆ ಕಡಿಮೆ ಮಾಡಬಹುದಾ? ಒಬ್ಬರು ಕಟ್ಟದಿದ್ದರೆ ಪಕ್ಕದವರಿಗೆ ಕುತ್ತು ಬರುತ್ತದಾ? ಪಾರ್ಕಿಂಗ್, ಕಸ, ಕಟ್ಟಡ ಪರವಾನಗಿ ಈ ಪರೀಕ್ಷೆ ದಾಟುತ್ತವೆ. ಬೀದಿದೀಪ, ಅಗ್ನಿಶಾಮಕ, ಸೊಳ್ಳೆ ನಿಯಂತ್ರಣ ದಾಟುವುದಿಲ್ಲ. ನೀರು ನಡುವೆ ನಿಲ್ಲುತ್ತದೆ: ಮೀಟರ್ ಇಡಬಹುದು, ಆದರೆ ಕುಡಿಯುವಷ್ಟು ನೀರು ಬಡವರಿಗೂ ಸಿಗಬೇಕು.

ಇನ್ನೊಂದು ಮಾತು. ಈಗಾಗಲೇ ತೆರಿಗೆಯಲ್ಲಿ ಸೇರಿದ್ದನ್ನು ಬೇರೆ ಮಾಡಿ ಶುಲ್ಕ ಹಾಕಿದರೆ, ಆ ಮಟ್ಟಿಗೆ ತೆರಿಗೆ ಇಳಿಯಬೇಕು. ಇಳಿಸದಿದ್ದರೆ ಜನ ಬೀದಿಗಿಳಿಯುತ್ತಾರೆ. ಐರ್ಲೆಂಡ್‌ನಲ್ಲಿ 2015ರಲ್ಲಿ ಮನೆಗಳಿಗೆ ನೀರಿನ ಬಿಲ್ ಬಂದಾಗ "ಇದಕ್ಕೆ ತೆರಿಗೆಯಲ್ಲೇ ಕೊಟ್ಟಿದ್ದೇವಲ್ಲ" ಅನ್ನುವ ಸಿಟ್ಟು ದೊಡ್ಡ ಮೆರವಣಿಗೆಗಳಾಯಿತು. ಮರುವರ್ಷವೇ ಶುಲ್ಕ ನಿಲ್ಲಿಸಿದರು, ಆಮೇಲೆ ಕಟ್ಟಿದವರಿಗೆ ದುಡ್ಡನ್ನೂ ವಾಪಸ್ ಕೊಟ್ಟರು. ಸಣ್ಣಪುಟ್ಟ ಶುಲ್ಕಗಳಲ್ಲಿ ಇನ್ನೊಂದು ತಾಪತ್ರಯ: ವಸೂಲಿಗೆ ಆಗುವ ಖರ್ಚು ಬರುವ ದುಡ್ಡನ್ನೇ ತಿಂದುಹಾಕುತ್ತದೆ. ಮೂಗಿಗಿಂತ ಮೂಗುತಿ ಭಾರ.

ಸೇವೆ ಕಡಿತ

ಕಡಿತ ಎಲ್ಲಿ ಬೀಳುತ್ತದೆ ಅನ್ನುವುದನ್ನು ಅಗತ್ಯಕ್ಕಿಂತ ಜಾಸ್ತಿ ಸದ್ದು ತೀರ್ಮಾನಿಸುತ್ತದೆ. ಗದ್ದಲ ಮಾಡುವವರ ಸೇವೆ ಉಳಿಯುತ್ತದೆ. ಕೊಲೊರಾಡೊ ಸ್ಪ್ರಿಂಗ್ಸ್ ನಗರ 2010ರಲ್ಲಿ ತೆರಿಗೆ ಏರಿಕೆಗೆ ಜನ ಒಪ್ಪದಿದ್ದಾಗ ಸುಮಾರು ಮೂರನೇ ಒಂದು ಪಾಲು ಬೀದಿದೀಪ ಆರಿಸಿತು, ಉದ್ಯಾನಗಳಿಂದ ಕಸದ ಡಬ್ಬಿಗಳನ್ನು ಎತ್ತಿಕೊಂಡು ಹೋಯಿತು. ಬೇಕಾದವರು ತಮ್ಮ ಮನೆ ಮುಂದಿನ ದೀಪವನ್ನು ದುಡ್ಡು ಕೊಟ್ಟು ಉರಿಸಿಕೊಳ್ಳಬಹುದಿತ್ತು. ಆರಿದ ಕಂಬಗಳಲ್ಲಿ ಕರೆಂಟ್ ಇಲ್ಲವಲ್ಲ, ಕಳ್ಳರು ನೆಮ್ಮದಿಯಾಗಿ ತಾಮ್ರದ ತಂತಿ ಕದ್ದರು.

ಒಂದು ಲೆಕ್ಕದಲ್ಲಿ ಇದು ಪ್ರಾಮಾಣಿಕ ಕಡಿತ. ಏನು ಹೋಯಿತು ಅನ್ನುವುದು ಎಲ್ಲರಿಗೂ ಕಂಡಿತು, ಬೇಡ ಅನ್ನಿಸಿದರೆ ವಾಪಸ್ ತರಬಹುದು. ನನಗೆ ಭಯ ಹುಟ್ಟಿಸುವುದು ಕಾಣದ ಕಡಿತ. ಮಿಷಿಗನ್‌ನ ಫ್ಲಿಂಟ್ ನಗರ 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಾಯಿಸಿತು. ಆಗ ಊರಿನ ಹಣಕಾಸು ಇದ್ದದ್ದು ರಾಜ್ಯ ನೇಮಿಸಿದ ತುರ್ತು ಆಡಳಿತಗಾರರ ಕೈಯಲ್ಲಿ. ಪೈಪ್ ಸವೆಯದಂತೆ ನೀರಿಗೆ ಸೇರಿಸಬೇಕಾದ ರಾಸಾಯನಿಕ ಸೇರಿಸಲಿಲ್ಲ. ಹಳೇ ಪೈಪುಗಳ ಸೀಸ ಕುಡಿಯುವ ನೀರಿಗೆ ಬಂತು, ಮಕ್ಕಳ ರಕ್ತಕ್ಕೂ ಬಂತು. ಆಮೇಲೆ ಪರಿಹಾರದ ಒಪ್ಪಂದವೊಂದೇ ಸುಮಾರು 62.6 ಕೋಟಿ ಡಾಲರ್.

ಕಡಿತ ಮಾಡಲೇಬೇಕೆಂದರೆ ಬಾಗಿಲು ಮುಚ್ಚುವ ಬದಲು ಗಂಟೆ ಕಡಿಮೆ ಮಾಡುವುದು ವಾಸಿ. ಗ್ರಂಥಾಲಯ ವಾರಕ್ಕೆ ನಾಲ್ಕು ದಿನ ತೆರೆದಿದ್ದರೆ ಮುಂದೆ ಆರು ದಿನ ಮಾಡಬಹುದು. ಕಟ್ಟಡ ಮಾರಿದ ಮೇಲೆ ಕಥೆ ಮುಗಿಯಿತು.

ರಿಪೇರಿ ಮುಂದೂಡುವುದು

ಯಾವ ಪಟ್ಟಿಯಲ್ಲೂ ಇದನ್ನು ಒಂದು ಆಯ್ಕೆ ಎಂದು ಬರೆದಿರುವುದಿಲ್ಲ. ಆದರೂ ಅತಿ ಹೆಚ್ಚು ಊರುಗಳು ಹಿಡಿಯುವ ದಾರಿ ಇದೇ. ತೆರಿಗೆ ಏರಲಿಲ್ಲ, ಯಾವ ಸೇವೆಯೂ ನಿಲ್ಲಲಿಲ್ಲ, ಬಜೆಟ್ ಸರಿಹೋಯಿತು. ಮಾಯಾಜಾಲ ಅನ್ನಿಸುತ್ತದೆ ಅಲ್ವಾ?

ಒಂದು ಡಾಂಬರು ರಸ್ತೆಯನ್ನು ಹತ್ತಿರದಿಂದ ನೋಡಿ. ಮೊದಲ ಕೆಲವು ವರ್ಷ ಏನೂ ಆಗುವುದಿಲ್ಲ. ಆಮೇಲೆ ಬಿಸಿಲಿಗೆ ಡಾಂಬರು ಒಣಗಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಈ ಹಂತದಲ್ಲಿ ಬಿಸಿ ಡಾಂಬರು ಹಿಡಿದು ಇಬ್ಬರು ಮೂವರು ಒಂದು ದಿನ ಕೆಲಸ ಮಾಡಿದರೆ ಮುಗಿಯಿತು. ಬಿಟ್ಟರೆ ಬಿರುಕಿನಿಂದ ನೀರು ಇಳಿದು ಕೆಳಗಿನ ಜಲ್ಲಿ, ಮಣ್ಣಿನ ಪದರ ತಲುಪುತ್ತದೆ. ಅಡಿಪಾಯ ಮೆತ್ತಗಾಗುತ್ತದೆ. ಮೇಲೆ ಲಾರಿ ಹೋದಂತೆಲ್ಲ ಡಾಂಬರು ಬಾಗಿ ಬಾಗಿ ಮೊಸಳೆ ಚರ್ಮದ ಹಾಗೆ ಚೂರುಚೂರಾಗುತ್ತದೆ. ಒಂದು ಚೂರು ಎದ್ದುಬಂದರೆ ಅದೇ ಗುಂಡಿ. ಈಗ ಗುಂಡಿ ಮುಚ್ಚಿದರೆ ಕೆಳಗಿನ ಒದ್ದೆ ಮಣ್ಣು ಹಾಗೇ ಇರುತ್ತದೆ, ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಗುಂಡಿ. ಇನ್ನು ಉಳಿದಿರುವುದು ಪೂರ್ತಿ ಅಗೆದು ಹೊಸದಾಗಿ ಹಾಕುವುದೇ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದ ಹಾಗೆ. ನೀರಿನ ಪೈಪ್, ಸೇತುವೆ, ಶಾಲೆಯ ಚಾವಣಿ ಎಲ್ಲದರ ಪಾಡೂ ಇಷ್ಟೇ.

ಇದು ಸಾಲವೇ. ಸಹಿ ಇಲ್ಲ, ಬಡ್ಡಿ ಎಷ್ಟೆಂದು ಬರೆದಿಲ್ಲ, ಅಷ್ಟೇ ವ್ಯತ್ಯಾಸ. ಎಲ್ಲ ದಾರಿಗಳಲ್ಲಿ ನಾನು ಕೊನೆಗೆ ಇಡುವುದು ಇದನ್ನು. ಬ್ಯಾಂಕಿನಿಂದ ಸಾಲ ಮಾಡುವುದಕ್ಕಿಂತಲೂ ಕೊನೆಗೆ. ಐವತ್ತು ವರ್ಷ ಬಾಳುವ ಪೈಪಿಗೆ ಇಪ್ಪತ್ತು ವರ್ಷದ ಸಾಲ ಮಾಡಿದರೆ ತಪ್ಪಿಲ್ಲ, ಬಳಸುವವರೇ ತೀರಿಸುತ್ತಾರೆ. ಸಂಬಳ ಕೊಡಲು ಸಾಲ ಮಾಡಿದ ಊರಿಗೆ ಮಾತ್ರ ಯಾರೂ ಏನೂ ಮಾಡಲು ಆಗುವುದಿಲ್ಲ.

ಗುತ್ತಿಗೆ ಮತ್ತು ಪಾಲುದಾರಿಕೆ

ಗುತ್ತಿಗೆಗೆ ಕೊಟ್ಟರೆ ಅಗ್ಗವಾಗುತ್ತದಾ? ಆಗಲೂಬಹುದು, ಆಗದೆಯೂ ಇರಬಹುದು. ಅಮೆರಿಕದ ಜಾರ್ಜಿಯಾ ರಾಜ್ಯದ ಸ್ಯಾಂಡಿ ಸ್ಪ್ರಿಂಗ್ಸ್ ನಗರ 2005ರಲ್ಲಿ ಹುಟ್ಟಿದಾಗಲೇ ಪೊಲೀಸ್, ಅಗ್ನಿಶಾಮಕ ಬಿಟ್ಟು ಉಳಿದ ಹೆಚ್ಚಿನ ಕೆಲಸವನ್ನು ಕಂಪನಿಗೆ ವಹಿಸಿತು. ದೇಶ ವಿದೇಶದಿಂದ ಜನ ಬಂದು ನೋಡಿ ಹೋದರು. 2019ರಲ್ಲಿ ಅದೇ ನಗರ ಹೆಚ್ಚಿನ ಕೆಲಸಗಳನ್ನು ಸ್ವಂತ ನೌಕರರಿಗೆ ವಾಪಸ್ ತಂದಿತು. ಐದು ವರ್ಷದಲ್ಲಿ 1.4 ಕೋಟಿ ಡಾಲರ್‌ಗೂ ಜಾಸ್ತಿ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಕಂಪನಿ ಮೊದಲು ಕಮ್ಮಿ ದರ ಹೇಳಿ ಒಳಗೆ ಬರುತ್ತದೆ, ಊರಿನಲ್ಲಿ ಆ ಕೆಲಸ ಗೊತ್ತಿರುವವರು ಯಾರೂ ಉಳಿಯದ ಮೇಲೆ ದರ ಏರಿಸುತ್ತದೆ. ಅವಧಿ ಚಿಕ್ಕದಾಗಿದ್ದರೆ, ಸ್ಪರ್ಧೆ ಇದ್ದರೆ, ಗುತ್ತಿಗೆದಾರರ ಕೆಲಸ ತಪಾಸಣೆ ಮಾಡಬಲ್ಲ ಒಬ್ಬ ಎಂಜಿನಿಯರ್ ಆದರೂ ಊರಿನ ಸಂಬಳದಲ್ಲಿದ್ದರೆ ಒಪ್ಪಬಹುದು.

ಅವಧಿ ಉದ್ದವಾದಷ್ಟೂ ಅನುಮಾನ ಪಡಿ. ಷಿಕಾಗೊ 2008ರಲ್ಲಿ ತನ್ನ ಪಾರ್ಕಿಂಗ್ ಮೀಟರುಗಳನ್ನು 75 ವರ್ಷಕ್ಕೆ ಸುಮಾರು 115 ಕೋಟಿ ಡಾಲರ್‌ಗೆ ಬರೆದುಕೊಟ್ಟಿತು. ಮರುವರ್ಷ ನಗರದ್ದೇ ತನಿಖಾಧಿಕಾರಿ, ಸುಮಾರು 97 ಕೋಟಿ ಡಾಲರ್ ಕಡಿಮೆಗೆ ಕೊಟ್ಟಿದ್ದೀರಿ ಎಂದು ವರದಿ ಬರೆದರು. ಬಂದ ದುಡ್ಡಿನ ಬಹುಪಾಲು ಕೆಲವೇ ವರ್ಷಗಳ ಬಜೆಟ್ ಕೊರತೆ ತುಂಬಲು ಖರ್ಚಾಯಿತು. ಈಗ ಯಾವುದೋ ಕೆಲಸಕ್ಕೆ ರಸ್ತೆ ಮುಚ್ಚಿ ಮೀಟರ್ ನಿಂತರೆ ನಗರವೇ ಕಂಪನಿಗೆ ನಷ್ಟ ತುಂಬಿಕೊಡಬೇಕು. ತನ್ನದೇ ರಸ್ತೆ!

ಪಕ್ಕದೂರಿನ ಜೊತೆ ಸೇರಿ ಸೇವೆ ನಡೆಸುವುದು ಇದಕ್ಕಿಂತ ಹಳೆಯ, ಸದ್ದಿಲ್ಲದ ದಾರಿ. ಕ್ಯಾಲಿಫೋರ್ನಿಯಾದ ಲೇಕ್‌ವುಡ್ 1954ರಲ್ಲಿ ಪ್ರತ್ಯೇಕ ನಗರವಾದಾಗ ತನ್ನದೇ ಇಲಾಖೆಗಳನ್ನು ಕಟ್ಟಲು ಹೋಗದೆ ಲಾಸ್ ಏಂಜಲೀಸ್ ಕೌಂಟಿಗೆ, ಅಂದರೆ ಜಿಲ್ಲಾಡಳಿತಕ್ಕೆ, ದುಡ್ಡು ಕೊಟ್ಟು ಸೇವೆ ಪಡೆಯಿತು. ಆಮೇಲೆ ಹುಟ್ಟಿದ ಎಷ್ಟೋ ನಗರಗಳು ಅದನ್ನೇ ಅನುಸರಿಸಿದವು. ದುಬಾರಿ ಯಂತ್ರ ಬೇಕಾಗುವ, ದಿನವೂ ಬಳಸದ ಕೆಲಸಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಊರುಗಳನ್ನೇ ವಿಲೀನ ಮಾಡುವುದು ಬೇರೆ ಮಾತು. ಡೆನ್ಮಾರ್ಕ್ 2007ರಲ್ಲಿ 271 ಊರಾಡಳಿತಗಳನ್ನು 98ಕ್ಕೆ ಇಳಿಸಿತು. ಆದರೆ ವಿಲೀನ ಎಂದ ಮಾತ್ರಕ್ಕೆ ನಿಮ್ಮ ತೆರಿಗೆ ಇಳಿಯುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಲೆಕ್ಕ ಕೇಳಿ. ಕಚೇರಿ ಖರ್ಚು ಉಳಿಯಬಹುದು, ಕಸದ ಲಾರಿ ಓಡುವ ದೂರ ಕಡಿಮೆಯಾಗುವುದಿಲ್ಲ.

ಕಟ್ಟಲು ಆಗದವರಿಗೆ ಯಾವ ರಿಯಾಯಿತಿ

ಮನೆ ದೊಡ್ಡದು, ಬರುವ ಪಿಂಚಣಿ ಚಿಕ್ಕದು. ತೆರಿಗೆ ಏರಿಕೆಯ ಚರ್ಚೆಯಲ್ಲಿ ಈ ಮಾತು ಬಂದೇ ಬರುತ್ತದೆ, ನಿಜವೂ ಹೌದು. ಆದರೆ ಈ ಕಾರಣಕ್ಕೆ ಎಲ್ಲರ ತೆರಿಗೆಯನ್ನೂ ತಡೆದರೆ ಮೂರು ಮನೆ ಬಾಡಿಗೆಗೆ ಕೊಟ್ಟವರಿಗೂ ಅದೇ ಲಾಭ. ಆದಾಯ ನೋಡಿ ಕೊಡುವ ರಿಯಾಯಿತಿ ಇದಕ್ಕಿಂತ ಮೇಲು. ವಿಸ್ಕಾನ್ಸಿನ್ ರಾಜ್ಯ 1964ರಲ್ಲೇ ಇದನ್ನು ಶುರು ಮಾಡಿತು: ತೆರಿಗೆ ಆದಾಯದ ಒಂದು ಮಿತಿ ದಾಟಿದರೆ ಅದರ ಭಾಗ ವಾಪಸ್ ಸಿಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರು ತೆರಿಗೆಯನ್ನು ಮುಂದೂಡಬಹುದು. ಸರ್ಕಾರ ಊರಿಗೆ ಕಟ್ಟುತ್ತದೆ, ಮನೆಯ ಮೇಲೆ ಬಡ್ಡಿ ಸಮೇತ ಸಾಲ ಕೂರುತ್ತದೆ, ಮನೆ ಮಾರಿದಾಗ ತೀರುತ್ತದೆ. ಮಕ್ಕಳಿಗೆ ಇಷ್ಟವಾಗದಿರಬಹುದು. ಅಪ್ಪ ಅಮ್ಮ ಮನೆ ಬಿಡಬೇಕಾಗಿಲ್ಲ, ಊರಿನ ವರಮಾನಕ್ಕೂ ಏಟಿಲ್ಲ. ನನಗೆ ಇವೆರಡೂ ಸರಿಕಾಣುತ್ತವೆ. ಆದರೆ ಅರ್ಜಿ ಫಾರಂ ಒಂದೇ ಪುಟದಲ್ಲಿ ಮುಗಿಯಬೇಕು. ಎಂಟು ಪುಟವಾದರೆ ಬೇಕಾದವರು ಅರ್ಜಿ ಹಾಕುವುದೇ ಇಲ್ಲ.

ನಾನು ಇಡುವ ಸಾಲು

ಮೊದಲು ಮೌಲ್ಯಮಾಪನ ಪಟ್ಟಿ ತಿದ್ದಿಸುವುದು, ಜೊತೆಗೇ ಆದಾಯ ಆಧಾರಿತ ರಿಯಾಯಿತಿ. ಆಮೇಲೆ ಅಳೆಯಬಹುದಾದ ಸೇವೆಗೆ ಶುಲ್ಕ. ಆಮೇಲೆ ಪ್ರತಿ ವರ್ಷದ ಸಣ್ಣ ದರ ಏರಿಕೆ, ಪಕ್ಕದೂರಿನ ಜೊತೆ ಪಾಲು. ಬೇಕೇ ಬೇಕಾದರೆ ಕಣ್ಣಿಗೆ ಕಾಣುವ, ವಾಪಸ್ ತರಬಹುದಾದ ಕಡಿತ. ಚಿಕ್ಕ ಅವಧಿಯ ಗುತ್ತಿಗೆ. ದೀರ್ಘ ಲೀಸ್ ಬೇಡ, ರಿಪೇರಿ ಮುಂದೂಡುವುದಂತೂ ಬೇಡವೇ ಬೇಡ. ಊರು ಕುಗ್ಗುತ್ತಿದ್ದರೆ ಈ ಸಾಲು ಬದಲಾಗುತ್ತದೆ. ಅಲ್ಲಿ ಕಡಿತವನ್ನು ಬೇಗ, ಯೋಜನೆ ಹಾಕಿ ಮಾಡಬೇಕಾಗುತ್ತದೆ. ಡೆಟ್ರಾಯಿಟ್‌ನಲ್ಲಿ 1950ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. ದಿವಾಳಿಯಾಗುವ ಹೊತ್ತಿಗೆ ಸುಮಾರು 7 ಲಕ್ಷ. ರಸ್ತೆಯ ಉದ್ದ ಮಾತ್ರ ಜನರ ಜೊತೆ ಕಡಿಮೆಯಾಗಲಿಲ್ಲ.

ಬಜೆಟ್ ಪುಸ್ತಕ ಸಿಕ್ಕರೆ ನಾನು ಮೊದಲು ತೆರೆಯುವುದು ನಿರ್ವಹಣೆಯ ಪುಟ. ಮೂರು ವರ್ಷದ ಅಂಕಿ ಪಕ್ಕಪಕ್ಕ ಬರೆದುಕೊಳ್ಳುತ್ತೇನೆ: ರಸ್ತೆ, ಪೈಪ್, ಕಟ್ಟಡ. ಆಮೇಲೆ "ಒಂದು ಬಾರಿಯ ವರಮಾನ" ಅನ್ನುವ ಸಾಲು. ಜಾಗ ಮಾರಿದ್ದೋ, ಠೇವಣಿ ಮುರಿಸಿದ್ದೋ ಅಲ್ಲಿರುತ್ತದೆ. ಆ ಸಾಲು ದೊಡ್ಡದಾಗುತ್ತಾ ನಿರ್ವಹಣೆ ಚಿಕ್ಕದಾಗುತ್ತಾ ಹೋಗಿದ್ದರೆ, ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೇ: ಈ ವರ್ಷ ಬಿಟ್ಟ ರಸ್ತೆಗಳು ಯಾವುವು, ಅವುಗಳ ಪಟ್ಟಿ ಕೊಡಿ.